ಆಲೂಗೆಡ್ಡೆ ಫಿರಂಗಿ

ಅನಿಲದ ಒತ್ತಡದಿಂದ ಆಲೂಗೆಡ್ಡೆಯ ತುಂಡನ್ನು ಕೊಳವೆಯ ಮೂಲಕ ದೂರಕ್ಕೆ ಚಿಮ್ಮಿಸುವ, ಸಾಮಾನ್ಯವಾಗಿ ಹವ್ಯಾಸಿಗಳೇ ಜೋಡಿಸಿಕೊಳ್ಳುವ ಸಾಧನ. ಸ್ಪಡ್ ಗನ್ ಎಂಬ ಹೆಸರೂ ಬಳಕೆಯಲ್ಲಿದೆ. ಪ್ಲಾಸ್ಟಿಕ್ ಕೊಳಾಯಿ ಪೈಪು, ಏರೋಸಾಲ್ ಡಬ್ಬಿ, ಗ್ಯಾಸ್ ಒಲೆಯ ಲೈಟರ್‌ಗಳು ಅಗ್ಗವಾಗಿ ಎಲ್ಲೆಡೆ ಸಿಗತೊಡಗಿದ ಮೇಲೆ, 20ನೆಯ ಶತಮಾನದ ಕೊನೆಯ ದಶಕಗಳಲ್ಲಿ, ಮುಖ್ಯವಾಗಿ ಅಮೆರಿಕದಲ್ಲಿ ಇದು ಹರಡಿತು. ನೋಡಲು ಹುಡುಗಾಟದ ವಸ್ತು. ಆದರೆ ವಿಮಾನದ ಗಾಜಿಗೆ ಹಕ್ಕಿ ಬಡಿದರೆ ಏನಾಗುತ್ತದೆಂದು ಪರೀಕ್ಷಿಸುವ ಪ್ರಯೋಗಾಲಯದ ಗನ್ನಿಗೂ ಇದಕ್ಕೂ ಕಾರ್ಯತತ್ತ್ವ ಒಂದೇ. ಒತ್ತಡವನ್ನು ಎಷ್ಟರ ಮಟ್ಟಿಗೆ ಅಳೆದು, ಎಂಥ ವಸ್ತುವಿನಲ್ಲಿ ಹಿಡಿದಿಡಲಾಗಿದೆ ಎಂಬುದರಲ್ಲಿ ಮಾತ್ರ ಇವೆರಡೂ ಬೇರೆಯಾಗುತ್ತವೆ. ಈ ಸಾಧನ ಸುಧಾರಿಸಿದ ಚರಿತ್ರೆಯನ್ನೂ ಅದು ತಂದ ಅಪಘಾತಗಳನ್ನೂ ಈ ವ್ಯತ್ಯಾಸದಿಂದಲೇ ಅರ್ಥಮಾಡಿಕೊಳ್ಳಬಹುದು.

ಪೂರ್ವಚರಿತ್ರೆ

ಗಾಳಿಯ ಒತ್ತಡದಿಂದ ಗುಂಡು ಹಾರಿಸುವ ಪ್ರಯತ್ನ ಹೊಸದಲ್ಲ. ನಿರ್ವಾತದ ಪ್ರಯೋಗಗಳಿಗೆ ಹೆಸರಾದ ಜರ್ಮನಿಯ ಆಟ್ಟೋ ಫಾನ್ ಗೆರಿಕ್ 17ನೆಯ ಶತಮಾನದಲ್ಲೇ, ಬರಿದಾಗಿಸಿದ ಪಾತ್ರೆಯತ್ತ ನುಗ್ಗುವ ಹೊರಗಾಳಿಯಿಂದ ಗುಂಡನ್ನು ತಳ್ಳಿಸುವ ಬಂದೂಕನ್ನು ವರ್ಣಿಸಿದ್ದ. ಫ್ರಾನ್ಸಿನ ಡೆನಿ ಪಾಪ್ಯಾಂ 1686ರಲ್ಲಿ ಇದೇ ತತ್ತ್ವವನ್ನು ಲಂಡನ್ನಿನ ರಾಯಲ್ ಸೊಸೈಟಿಯ ಮುಂದಿಟ್ಟ. 18ನೆಯ ಶತಮಾನದ ಕೊನೆಯ ಭಾಗದಲ್ಲಿ ಆಸ್ಟ್ರಿಯಾದ ಸೈನ್ಯ ಜಿರಾರ್ಡೋನಿ ಎಂಬ ಗಾಳಿ ಬಂದೂಕನ್ನು ಬಳಸಿತು.

ಇನ್ನೂ ದೊಡ್ಡ ಗಾತ್ರದ ಉದಾಹರಣೆ ಅಮೆರಿಕದ ಯುದ್ಧನೌಕೆ ವೆಸೂವಿಯಸ್. 1888ರಲ್ಲಿ ನೀರಿಗಿಳಿದ ಈ ಹಡಗಿನಲ್ಲಿ 15 ಅಂಗುಲ (38 ಸೆಂ.ಮೀ.) ಬಾಯಿಯ ಮೂರು ಗಾಳಿ ಫಿರಂಗಿಗಳಿದ್ದವು. ಸಿಡಿಮದ್ದಿನ ಹಠಾತ್ ಹೊಡೆತಕ್ಕೆ ಆ ಕಾಲದ ಡೈನಮೈಟ್ ತುಂಬಿದ ಗುಂಡುಗಳು ನಳಿಗೆಯಲ್ಲೇ ಸಿಡಿಯುವ ಭಯವಿತ್ತು. ಸಂಕುಚಿತ ಗಾಳಿ ಅವನ್ನು ಮೃದುವಾಗಿ ದೂಡುತ್ತಿತ್ತು. ನಳಿಗೆಗಳನ್ನು ಹಡಗಿನ ಒಡಲಿಗೇ ಬಿಗಿದಿದ್ದರಿಂದ ಗುರಿ ಹಿಡಿಯಲು ಇಡೀ ಹಡಗನ್ನೇ ತಿರುಗಿಸಬೇಕಾಗುತ್ತಿತ್ತು. 1898ರಲ್ಲಿ ಕ್ಯೂಬಾದ ಸಾಂಟಿಯಾಗೊ ಮೇಲೆ ಈ ಹಡಗು ದಾಳಿ ನಡೆಸಿತು.

ಆಲೂಗೆಡ್ಡೆಗೂ ಫಿರಂಗಿಗೂ ನೇರ ನಂಟು ಬೆಳೆದದ್ದು ಎರಡನೆಯ ಮಹಾಯುದ್ಧದಲ್ಲಿ. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ಕ್ಯಾಂಬೋರ್ನ್ ಊರಿನಲ್ಲಿ ಗಣಿ ಯಂತ್ರೋಪಕರಣ ತಯಾರಿಸುತ್ತಿದ್ದ ಹೋಲ್ಮನ್ ಬ್ರದರ್ಸ್ ಸಂಸ್ಥೆ 1940ರಲ್ಲಿ ಹೋಲ್ಮನ್ ಪ್ರೊಜೆಕ್ಟರ್ ಎಂಬ ಸಾಧನವನ್ನು ರೂಪಿಸಿತು. ವಿಮಾನದಾಳಿಯನ್ನು ಎದುರಿಸಲು ಬಂದೂಕುಗಳಿಲ್ಲದ ವ್ಯಾಪಾರಿ ಹಡಗುಗಳಿಗೂ ಟ್ರಾಲರ್‌ಗಳಿಗೂ ಇದನ್ನು ಕೊಡಲಾಯಿತು. ಸಂಕುಚಿತ ಗಾಳಿಯಿಂದ ಅಥವಾ ಹಡಗಿನ ಉಗಿಯಿಂದ ಇದು ಕೈಬಾಂಬುಗಳನ್ನು ಮೇಲಕ್ಕೆಸೆಯುತ್ತಿತ್ತು. ಶತ್ರು ವಿಮಾನ ಕಾಣದ ಹೊತ್ತಿನಲ್ಲಿ ನಾವಿಕರು ಇದಕ್ಕೆ ಆಲೂಗೆಡ್ಡೆ ತುಂಬಿ ಪಕ್ಕದ ಹಡಗಿನವರೊಡನೆ ಹುಸಿಯುದ್ಧ ಆಡುತ್ತಿದ್ದರು.

ದಹನದಿಂದ ಕೆಲಸ ಮಾಡುವ ಬಗೆಗೆ ಬೇರೆಯೇ ವಂಶಾವಳಿಯಿದೆ. ಇಂಡೋನೇಷ್ಯಾ, ಮಲೇಷ್ಯಾಗಳಲ್ಲಿ ಹಬ್ಬದ ದಿನ ಬಿದಿರಿನ ಬೊಂಬಿನಲ್ಲಿ ಸೀಮೆಎಣ್ಣೆಯ ಆವಿಗೋ ಕಾರ್ಬೈಡ್ ಅನಿಲಕ್ಕೋ ಕಿಡಿ ತಾಗಿಸಿ ಸದ್ದು ಮಾಡುವ ರೂಢಿ ಹಳೆಯದು. ನೆದರ್ಲೆಂಡ್ಸಿನ ಹಳ್ಳಿಗಳಲ್ಲಿ ವರ್ಷದ ಕೊನೆಯ ದಿನ ಹಾಲಿನ ಕ್ಯಾನುಗಳಲ್ಲಿ ಕಾರ್ಬೈಡ್ ಸಿಡಿಸುವ ಆಚರಣೆ ಇಂದಿಗೂ ನಡೆಯುತ್ತದೆ. ಅಮೆರಿಕದಲ್ಲಿ ಪಾನೀಯದ ತಗಡಿನ ಡಬ್ಬಿಗಳನ್ನು ಒಂದರ ಮೇಲೊಂದು ಅಂಟಿಸಿ, ಲೈಟರಿನ ದ್ರವದ ಆವಿಯಿಂದ ಟೆನಿಸ್ ಚೆಂಡು ಹಾರಿಸುತ್ತಿದ್ದರು. ಡಬ್ಬಿಗಳು ಅಲ್ಯೂಮಿನಿಯಮ್ಮಿಗೆ ಬದಲಾಗಿ ತೆಳ್ಳಗಾದ ಮೇಲೆ ಪಿವಿಸಿ ಪೈಪು ಅವುಗಳ ಜಾಗಕ್ಕೆ ಬಂತು, ಚೆಂಡಿನ ಜಾಗಕ್ಕೆ ಆಲೂಗೆಡ್ಡೆ. 2001ರಲ್ಲಿ ಪ್ರಕಟವಾದ ವಿಲಿಯಂ ಗರ್ಸ್ಟೆಲ್‌ರ ‘ಬ್ಯಾಕ್‌ಯಾರ್ಡ್ ಬ್ಯಾಲಿಸ್ಟಿಕ್ಸ್’ ಪುಸ್ತಕ ಈ ಹವ್ಯಾಸವನ್ನು ದೊಡ್ಡ ಓದುಗ ವರ್ಗಕ್ಕೆ ತಲುಪಿಸಿತು.

ಆಲೂಗೆಡ್ಡೆಯೇ ಏಕೆ

ಅಗ್ಗವೆಂಬುದು ಒಂದು ಕಾರಣ ಮಾತ್ರ. ನಳಿಗೆಯ ಅಂಚನ್ನು ಹರಿತಗೊಳಿಸಿ ಗೆಡ್ಡೆಯನ್ನು ಒತ್ತಿದರೆ ನಳಿಗೆಯೇ ತನ್ನ ಅಳತೆಗೆ ತಕ್ಕ ಬಿಲ್ಲೆಯನ್ನು ಕತ್ತರಿಸಿಕೊಳ್ಳುತ್ತದೆ. ಹೀಗೆ ಕೂತ ತುಂಡಿಗೂ ನಳಿಗೆಯ ಒಳಗೋಡೆಗೂ ನಡುವೆ ಸಂದಿ ಉಳಿಯುವುದಿಲ್ಲ, ಅನಿಲ ಸೋರುವುದಿಲ್ಲ. ಗೆಡ್ಡೆಯ ತೂಕದಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ನೀರೇ ಆದ್ದರಿಂದ ಕತ್ತರಿಸಿದ ಮೈಯಿಂದ ಒಸರುವ ರಸ ಜಾರುವಿಕೆಗೆ ನೆರವಾಗುತ್ತದೆ. ಬಿರುಸಾದ ತಳ್ಳಾಟಕ್ಕೆ ಟೊಮೆಟೊ ಹಿಚುಕಿಹೋಗುತ್ತದೆ, ಆಲೂಗೆಡ್ಡೆ ತಡೆದುಕೊಳ್ಳುತ್ತದೆ.

ವಿಧಗಳು

ಆಲೂಗೆಡ್ಡೆ ಫಿರಂಗಿಯಲ್ಲಿ ನಾಲ್ಕು ಬಗೆಗಳನ್ನು ಗುರುತಿಸುತ್ತಾರೆ.

ದಹನ ಬಗೆ: ಅಗಲವಾದ ಹಿಂಬದಿಯ ಕೋಣೆಯಲ್ಲಿ ಇಂಧನದ ಆವಿಯೂ ಗಾಳಿಯೂ ಬೆರೆತಿರುತ್ತವೆ. ಕಿಡಿ ತಗುಲಿದಾಗ ಮಿಶ್ರಣ ಉರಿದು, ಬಿಸಿಯಾದ ಅನಿಲ ಹಿಗ್ಗಿ, ಸಪೂರ ನಳಿಗೆಯಲ್ಲಿರುವ ತುಂಡನ್ನು ಹೊರದೂಡುತ್ತದೆ.

ಗಾಳಿಯೊತ್ತಡದ ಬಗೆ: ಉರಿಯುವ ವಸ್ತು ಇಲ್ಲ. ಪಂಪಿನಿಂದ ತುಂಬಿದ ಗಾಳಿ ಕೋಣೆಯಲ್ಲಿ ಕಾದಿರುತ್ತದೆ. ವಾಲ್ವ್ ತೆರೆದೊಡನೆ ನಳಿಗೆಗೆ ನುಗ್ಗುತ್ತದೆ.

ನಿರ್ವಾತ ಬಗೆ: ನಳಿಗೆಯ ಎರಡೂ ತುದಿಗಳನ್ನು ತೆಳುಹಾಳೆಯಿಂದ ಮುಚ್ಚಿ ಒಳಗಿನ ಗಾಳಿಯನ್ನು ಹೊರತೆಗೆಯುತ್ತಾರೆ. ಒಂದು ತುದಿಯ ಹಾಳೆ ಹರಿದಾಗ ವಾತಾವರಣದ ಒತ್ತಡವೇ ಗುಂಡನ್ನು ತಳ್ಳುತ್ತದೆ. ಒತ್ತಡದ ವ್ಯತ್ಯಾಸ ಒಂದು ವಾತಾವರಣವನ್ನು ಎಂದೂ ಮೀರದು. ಇದರಲ್ಲಿ ಆಲೂಗೆಡ್ಡೆಗಿಂತ ಹಗುರಾದ ಪಿಂಗ್‌ಪಾಂಗ್ ಚೆಂಡನ್ನೇ ಹೆಚ್ಚಾಗಿ ಬಳಸುತ್ತಾರೆ.

ಮಿಶ್ರ ಬಗೆ: ಇಂಧನ ಬೆರೆತ ಗಾಳಿಯನ್ನು ಮೊದಲೇ ಒತ್ತಡಕ್ಕೇರಿಸಿ ಆಮೇಲೆ ಉರಿಸುತ್ತಾರೆ. ಮೂಲ ಒತ್ತಡ ಎಷ್ಟು ಪಟ್ಟು ಹೆಚ್ಚಿದೆಯೋ ಅಂತಿಮ ಒತ್ತಡವೂ ಹೆಚ್ಚುಕಡಿಮೆ ಅಷ್ಟೇ ಪಟ್ಟು ಏರುತ್ತದೆ. ಇಲ್ಲಿ ಪ್ಲಾಸ್ಟಿಕ್ಕಿನ ಮಾತೇ ಇಲ್ಲ. ಲೋಹದ ಒತ್ತಡಪಾತ್ರೆ ಬೇಕು. ಅದು ಮನೆಯ ಹಿತ್ತಿಲಿನ ಕೆಲಸವೂ ಅಲ್ಲ.

ಕಾರ್ಯತತ್ತ್ವ

ಗುಂಡಿನ ಮೇಲಿನ ಬಲವೆಂದರೆ ಒತ್ತಡದ ವ್ಯತ್ಯಾಸವನ್ನು ನಳಿಗೆಯ ಅಡ್ಡಕೊಯ್ತದ ವಿಸ್ತೀರ್ಣದಿಂದ ಗುಣಿಸಿದಷ್ಟು. ಒಳವ್ಯಾಸ 40 ಮಿ.ಮೀ., ಉದ್ದ 1 ಮೀಟರ್ ಇರುವ ನಳಿಗೆಯಲ್ಲಿ 100 ಗ್ರಾಂ ತೂಕದ ತುಂಡಿನ ಹಿಂದೆ ಸರಾಸರಿ 2 ಬಾರ್ ಹೆಚ್ಚುವರಿ ಒತ್ತಡವಿದೆ ಎಂದುಕೊಳ್ಳೋಣ. ಬಲ ಸುಮಾರು 250 ನ್ಯೂಟನ್. ಒಂದು ಮೀಟರ್ ದೂರದಲ್ಲಿ ಅದು ಮಾಡುವ ಕೆಲಸ 250 ಜೌಲ್. ಘರ್ಷಣೆಯನ್ನು ಬಿಟ್ಟು ಲೆಕ್ಕ ಹಾಕಿದರೆ ತುಂಡು ಸೆಕೆಂಡಿಗೆ ಸುಮಾರು 70 ಮೀಟರ್, ಎಂದರೆ ಗಂಟೆಗೆ 250 ಕಿ.ಮೀ. ವೇಗದಲ್ಲಿ ಹೊರಬೀಳುತ್ತದೆ. ಗಂಟೆಗೆ 140 ಕಿ.ಮೀ. ವೇಗದ ಕ್ರಿಕೆಟ್ ಚೆಂಡಿನಲ್ಲಿರುವ ಶಕ್ತಿ ಸುಮಾರು 120 ಜೌಲ್. ಆಲೂಗೆಡ್ಡೆ ತುಂಡಿನದು ಅದರ ಎರಡು ಪಟ್ಟು. ಗಾಳಿಯ ತಡೆ ಇಲ್ಲದಿದ್ದರೆ ಈ ವೇಗಕ್ಕೆ 500 ಮೀಟರ್ ದೂರ ದಕ್ಕಬೇಕು. ಆದರೆ ಮೊಂಡು ಮೂತಿಯ ತುಂಡು ಹಾರುತ್ತಾ ಉರುಳಾಡುವುದರಿಂದ ಅದರ ಅರ್ಧದಷ್ಟನ್ನೂ ಮುಟ್ಟುವುದಿಲ್ಲ.

ಈ ಸರಳ ಲೆಕ್ಕದಲ್ಲಿ ಒತ್ತಡ ಸ್ಥಿರವಾಗಿದೆ. ನಿಜದಲ್ಲಿ ತುಂಡು ಮುಂದೆ ಸರಿದಂತೆ ಅನಿಲಕ್ಕೆ ಜಾಗ ಹೆಚ್ಚಿ ಒತ್ತಡ ಇಳಿಯುತ್ತದೆ. ನಳಿಗೆ ಗಿಡ್ಡವಾದರೆ ಉಳಿದ ಒತ್ತಡವೆಲ್ಲ ಬಾಯಲ್ಲಿ ಬರಿಯ ಸದ್ದಾಗಿ ಹೋಗುತ್ತದೆ. ತೀರ ಉದ್ದವಾದರೆ ಅನಿಲದ ತಳ್ಳು ಘರ್ಷಣೆಗಿಂತ ಕಡಿಮೆಯಾಗಿ, ತುಂಡು ಹೊರಬರುವ ಮೊದಲೇ ನಿಧಾನಗೊಳ್ಳುತ್ತದೆ. ಆದ್ದರಿಂದ ಕೋಣೆಯ ಘನಗಾತ್ರಕ್ಕೂ ನಳಿಗೆಯ ಘನಗಾತ್ರಕ್ಕೂ ಇರುವ ಅನುಪಾತ ವಿನ್ಯಾಸದ ಮೊದಲ ಪ್ರಶ್ನೆ. ದಹನ ಬಗೆಯಲ್ಲಿ ಕೋಣೆ ನಳಿಗೆಗಿಂತ ಸ್ವಲ್ಪ ಚಿಕ್ಕದಿದ್ದರೆ ಇಂಧನದ ಶಕ್ತಿ ಚೆನ್ನಾಗಿ ಬಳಕೆಯಾಗುತ್ತದೆಂದು ಹವ್ಯಾಸಿಗಳು ಪ್ರಯೋಗಗಳಿಂದ ಕಂಡುಕೊಂಡಿದ್ದಾರೆ.

ಸುಧಾರಣೆಯ ಹಾದಿ

ಆರಂಭದ ಫಿರಂಗಿಗಳಲ್ಲಿ ಕೂದಲಿಗೆ ಹಾಕುವ ಸ್ಪ್ರೇಯನ್ನು ಕೋಣೆಗೆ ಅಂದಾಜಿನ ಮೇಲೆ ಸಿಂಪಡಿಸುತ್ತಿದ್ದರು. ಒಮ್ಮೆ ದೊಡ್ಡ ಸದ್ದು, ಇನ್ನೊಮ್ಮೆ ಏನೂ ಇಲ್ಲ. ಕಾರಣ ಸರಳ: ಪ್ರೊಪೇನ್ ಗಾಳಿಯಲ್ಲಿ ಘನಗಾತ್ರದ ಸುಮಾರು 2ರಿಂದ 9.5 ಪ್ರತಿಶತದ ನಡುವೆ ಇದ್ದರಷ್ಟೇ ಹೊತ್ತಿಕೊಳ್ಳುತ್ತದೆ. ಪೂರ್ಣ ದಹನಕ್ಕೆ ಬೇಕಾದದ್ದು 4 ಪ್ರತಿಶತ. ಹೆಚ್ಚು ಇಂಧನ ಹಾಕಿದರೆ ಹೆಚ್ಚು ಬಲ ಎಂಬ ಎಣಿಕೆ ಇಲ್ಲಿ ತಲೆಕೆಳಗಾಗುತ್ತದೆ. ಇಂಧನ ಮಿತಿ ಮೀರಿದರೆ ಕಿಡಿಯೂ ಹತ್ತುವುದಿಲ್ಲ. ಒಮ್ಮೆ ಹಾರಿಸಿದ ಮೇಲೆ ಕೋಣೆಯಲ್ಲಿ ಉಳಿಯುವ ಹೊಗೆಯಲ್ಲಿ ಆಮ್ಲಜನಕ ಇರುವುದಿಲ್ಲವಾದ್ದರಿಂದ ಹೊಸ ಗಾಳಿ ತುಂಬದೆ ಎರಡನೆಯ ಬಾರಿ ಹೊತ್ತಿಸಲಾಗದು. ಆದ್ದರಿಂದ ಅನಿಲವನ್ನು ಅಳೆದು ಬಿಡುವ ವ್ಯವಸ್ಥೆ ಬಂತು. ಕೋಣೆಯೊಳಗೆ ಸಣ್ಣ ಫ್ಯಾನ್ ಬಂತು.

ಫ್ಯಾನಿನ ಉಪಯೋಗ ಬೆರೆಸುವುದಕ್ಕಷ್ಟೇ ಅಲ್ಲ. ನಿಶ್ಚಲ ಮಿಶ್ರಣದಲ್ಲಿ ಪ್ರೊಪೇನಿನ ಜ್ವಾಲೆ ಇನ್ನೂ ಉರಿಯದ ಅನಿಲದೊಳಕ್ಕೆ ಸೆಕೆಂಡಿಗೆ ಅರ್ಧ ಮೀಟರಿಗೂ ಕಡಿಮೆ ವೇಗದಲ್ಲಿ ತೆವಳುತ್ತದೆ. ಹಿಂದೆ ಉರಿದ ಅನಿಲ ಹಿಗ್ಗಿ ಅದನ್ನು ಮುಂದೆ ದೂಡಿದರೂ ಕೋಣೆಯನ್ನೆಲ್ಲ ಆವರಿಸಲು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಹೊತ್ತು ಬೇಕಾಗಬಹುದು. ಮೇಲೆ ಲೆಕ್ಕ ಹಾಕಿದ ತುಂಡಾದರೋ ನಳಿಗೆಯನ್ನು ದಾಟಲು ತೆಗೆದುಕೊಳ್ಳುವುದು ಸೆಕೆಂಡಿನ ನೂರರಲ್ಲಿ ಮೂರು ಭಾಗ. ಅಂದರೆ ಜ್ವಾಲೆಗೂ ಗೆಡ್ಡೆಗೂ ನಡುವೆ ಓಟದ ಪಂದ್ಯವಿದೆ. ಗೆಡ್ಡೆ ಗೆದ್ದರೆ ಉಳಿದ ಇಂಧನ ವ್ಯರ್ಥ. ಕದಡಿದ ಗಾಳಿಯಲ್ಲಿ ಜ್ವಾಲೆ ಹಲವು ಪಟ್ಟು ಬೇಗ ಹರಡುತ್ತದೆ. ಕೋಣೆಯ ಹಲವು ಕಡೆ ಒಮ್ಮೆಗೇ ಕಿಡಿ ಹೊಡೆಯುವ ಏರ್ಪಾಟಿನ ಗುರಿಯೂ ಅದೇ. ಬಿಗಿಯಾಗಿ ಕೂತ ತುಂಡು ಒತ್ತಡ ಏರುವ ತನಕ ಕದಲದೆ ನಿಂತು ಜ್ವಾಲೆಗೆ ಒಂದಿಷ್ಟು ಸಮಯ ಕೊಡುತ್ತದೆ.

ಗಾಳಿಯೊತ್ತಡದ ಬಗೆಯಲ್ಲಿ ಇದೇ ಸಮಸ್ಯೆ ವಾಲ್ವಿನ ರೂಪದಲ್ಲಿ ಎದುರಾಯಿತು. ಕೈಯಿಂದ ತಿರುಗಿಸುವ ಬಾಲ್ ವಾಲ್ವ್ ಪೂರ್ತಿ ತೆರೆಯುವಷ್ಟರಲ್ಲಿ ಗುಂಡು ನಳಿಗೆ ಬಿಟ್ಟು ಹೋಗಿರುತ್ತದೆ. ಕೋಣೆಯ ಒತ್ತಡದ ಬಹುಪಾಲು ಅದಕ್ಕೆ ತಲುಪಿರುವುದೇ ಇಲ್ಲ. ಹುಲ್ಲುಹಾಸಿಗೆ ನೀರುಣಿಸುವ ಸ್ಪ್ರಿಂಕ್ಲರ್ ವಾಲ್ವನ್ನು ವಿದ್ಯುತ್ತಿನ ಬದಲು ಗಾಳಿಯಿಂದಲೇ ತೆರೆದುಕೊಳ್ಳುವಂತೆ ಮಾರ್ಪಡಿಸಿದ್ದು ಮೊದಲ ಪರಿಹಾರ. ಆಮೇಲೆ ಹಿಂಬದಿಯ ಒತ್ತಡ ಇಳಿದೊಡನೆ ಜಿಗಿದು ಸರಿಯುವ ಪಿಸ್ಟನ್ ವಾಲ್ವ್ ಬಂತು. ಕೋಣೆಗೂ ನಳಿಗೆಗೂ ನಡುವೆ ತೆಳುಹಾಳೆ ಬಿಗಿದು, ನಿಗದಿತ ಒತ್ತಡದಲ್ಲಿ ಅದೇ ಹರಿಯುವಂತೆ ಮಾಡುವುದು ಇನ್ನೊಂದು ಉಪಾಯ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದ ಕೆ.ಪಿ.ಜೆ. ರೆಡ್ಡಿ ರೂಪಿಸಿದ, ಅವರ ಹೆಸರಿನಿಂದಲೇ ಪರಿಚಿತವಾದ ರೆಡ್ಡಿ ಟ್ಯೂಬ್ ಈ ಕೊನೆಯ ಉಪಾಯವನ್ನು ಬೇರೊಂದು ಉದ್ದೇಶಕ್ಕೆ ಬಳಸುತ್ತದೆ: ಕೈಯಿಂದ ಪಿಸ್ಟನ್ ತಳ್ಳಿದಾಗ ಕೊಳವೆಯ ಮಧ್ಯದ ಪೊರೆ ಹರಿದು ಆಘಾತ ತರಂಗ ಹುಟ್ಟುತ್ತದೆ. ಗುಂಡು ಹಾರಿಸುವುದು ಅದರ ಕೆಲಸವಲ್ಲ. ಆಘಾತ ತರಂಗಗಳ ಅಧ್ಯಯನಕ್ಕಾಗಿ ರೂಪಿಸಿದ ಉಪಕರಣ ಅದು.

ಮೂರನೆಯ ಸುಧಾರಣೆ ಅಳತೆಯದ್ದು. ವೇಗ ಅಳೆಯದೆ ಯಾವ ಬದಲಾವಣೆ ಫಲ ಕೊಟ್ಟಿತೆಂದು ಹೇಳುವುದು ಸಾಧ್ಯವಿಲ್ಲ. ಇದರ ಹಳೆಯ ಸಾಧನ ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ 1742ರಲ್ಲಿ ವಿವರಿಸಿದ ತೂಗುಲೋಲಕ: ಗುಂಡು ಹೊಕ್ಕ ಮರದ ದಿಮ್ಮಿ ಎಷ್ಟು ತೂಗಿತೆಂಬುದರಿಂದ ವೇಗ ತಿಳಿಯುತ್ತದೆ. ಮುಂದೆ ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರಾಗಿ ಬಂದ ರಾಬಿನ್ಸ್ 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ. ಈಗ ಬೆಳಕಿನ ಎರಡು ಗೆರೆಗಳನ್ನು ದಾಟುವ ಕಾಲವನ್ನು ಅಳೆಯುವ ಕ್ರೋನೋಗ್ರಾಫ್ ಬಳಕೆಯಲ್ಲಿದೆ. ಹಾರಿದ ಸದ್ದು, ಗುರಿಗೆ ಬಡಿದ ಸದ್ದು ಇವೆರಡರ ನಡುವಿನ ಅಂತರವನ್ನು ಕಂಪ್ಯೂಟರಿನ ಮೈಕ್ರೊಫೋನಿನಲ್ಲಿ ದಾಖಲಿಸಿಕೊಂಡು ವೇಗ ಕಂಡುಹಿಡಿಯುವ ಇನ್ನೂ ಸುಲಭವಾದ ವಿಧಾನವೂ ಇದೆ.

ವಸ್ತು ಮತ್ತು ಅಪಾಯ

ಸುಧಾರಣೆ ಒತ್ತಡವನ್ನು ಏರಿಸುತ್ತ ಹೋಯಿತು. ಪೈಪು ಮಾತ್ರ ನೀರಿನ ಪೈಪಾಗಿಯೇ ಉಳಿಯಿತು. ಪಿವಿಸಿ ಪೈಪಿನ ಮೈಮೇಲೆ ಅಚ್ಚಾಗಿರುವ ಒತ್ತಡದ ಅಂಕಿ ಸಾಮಾನ್ಯ ಉಷ್ಣತೆಯ ನೀರಿಗೆ ಸಂಬಂಧಿಸಿದ್ದು. ಭಾರತದಲ್ಲಿ ನೀರು ಪೂರೈಕೆಯ ಪಿವಿಸಿ ಪೈಪುಗಳಿಗೆ ಅನ್ವಯಿಸುವ ಐಎಸ್ 4985 ಮಾನದಂಡವೂ ಹೀಗೆಯೇ. ಗಾಳಿಗೆ ಅದೇ ಅಂಕಿಯನ್ನು ನಂಬುವಂತಿಲ್ಲ, ಏಕೆಂದರೆ ಅಪಾಯವನ್ನು ತೀರ್ಮಾನಿಸುವುದು ಒತ್ತಡವೊಂದೇ ಅಲ್ಲ, ಒಳಗೆ ಕೂಡಿಟ್ಟ ಶಕ್ತಿ. ವಾತಾವರಣಕ್ಕಿಂತ 5 ಬಾರ್ ಹೆಚ್ಚಿನ ಒತ್ತಡದಲ್ಲಿ 5 ಲೀಟರ್ ನೀರು ಹಿಡಿದಿಡುವ ಶಕ್ತಿ ಅರ್ಧ ಜೌಲಿಗೂ ಕಡಿಮೆ. ಪೈಪು ಬಿರಿದರೆ ನೀರು ಚಿಮ್ಮಿ ಒತ್ತಡ ಕೂಡಲೇ ಇಳಿದುಬಿಡುತ್ತದೆ. ಅಷ್ಟೇ ಒತ್ತಡದ 5 ಲೀಟರ್ ಗಾಳಿ ಹಿಗ್ಗುವಾಗ ಸುಮಾರು 3,000 ಜೌಲ್ ಬಿಡುಗಡೆಯಾಗುತ್ತದೆ.

ಪಿವಿಸಿ ಒಡೆಯುವ ರೀತಿಯೂ ಕೆಟ್ಟದ್ದು. ಹಿಗ್ಗಿ ಎಚ್ಚರಿಕೆ ಕೊಡುವ ಬದಲು ಅದು ಒಮ್ಮೆಗೇ ಚೂಪು ಚೂರುಗಳಾಗಿ ಸಿಡಿಯುತ್ತದೆ. ಚಳಿಯಲ್ಲಿ ಹೆಚ್ಚು ಪೆಡಸಾಗುತ್ತದೆ. ಬಿಸಿಲಿಗೆ ಬಿದ್ದು ಹಳತಾದರೆ ಹೊರಮೈ ದುರ್ಬಲವಾಗುತ್ತದೆ. 60 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಅದರ ಒತ್ತಡ ತಾಳುವ ಸಾಮರ್ಥ್ಯ ನಾಲ್ಕನೆಯ ಒಂದು ಭಾಗಕ್ಕೂ ಕೆಳಗಿಳಿಯುತ್ತದೆ. ದಹನದ ಪ್ರತಿಯೊಂದು ಬಳಕೆಯೂ ಕಣ್ಣಿಗೆ ಕಾಣದ ಬಿರುಕನ್ನು ಬೆಳೆಸಬಹುದಾದ್ದರಿಂದ ನಿನ್ನೆ ತಡೆದ ಪೈಪು ಇಂದೂ ತಡೆಯುತ್ತದೆಂಬ ಭರವಸೆಯಿಲ್ಲ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಇಲಾಖೆ 1988ರಲ್ಲೇ, ನೆಲದ ಮೇಲೆ ತೆರೆದಿರುವ ಸಂಕುಚಿತ ಗಾಳಿಯ ವ್ಯವಸ್ಥೆಗಳಲ್ಲಿ ಪಿವಿಸಿ ಪೈಪು ಬಳಸಬಾರದೆಂದು ಎಚ್ಚರಿಸಿತ್ತು. ಪೈಪು ತಯಾರಕರೂ ಇದನ್ನೇ ಹೇಳುತ್ತಾರೆ.

ಉಕ್ಕು ಬಳಸಿದ ಮಾತ್ರಕ್ಕೆ ಅಪಾಯ ಮುಗಿಯುವುದಿಲ್ಲ. ಅಮೆರಿಕದ ಡೆಲವೇರ್ ರಾಜ್ಯದಲ್ಲಿ 1986ರಲ್ಲಿ ಆರಂಭವಾದ ಕುಂಬಳಕಾಯಿ ಎಸೆತದ ಸ್ಪರ್ಧೆಯಲ್ಲಿ ಲಾರಿಯಷ್ಟು ಉದ್ದದ ಗಾಳಿ ಫಿರಂಗಿಗಳು ಭಾಗವಹಿಸುತ್ತಿದ್ದವು. ಇಂಥದ್ದೇ ಒಂದು ಫಿರಂಗಿ 2010ರಲ್ಲಿ ಯೂಟಾ ರಾಜ್ಯದ ಮೋಆಬ್‌ನಲ್ಲಿ ಕುಂಬಳಕಾಯಿಯನ್ನು 5,545 ಅಡಿ, ಎಂದರೆ ಸುಮಾರು 1,690 ಮೀಟರ್ ದೂರ ಹಾರಿಸಿ ವಿಶ್ವದಾಖಲೆ ಬರೆಯಿತು. 2016ರ ಡೆಲವೇರ್ ಸ್ಪರ್ಧೆಯಲ್ಲಿ ಒಂದು ಫಿರಂಗಿಯ ಲೋಹದ ಭಾಗ ಕಿತ್ತು ಹಾರಿ ಚಿತ್ರೀಕರಣ ತಂಡದ ಮಹಿಳೆಯೊಬ್ಬರು ತೀವ್ರವಾಗಿ ಗಾಯಗೊಂಡರು.

ಭಾರತದಲ್ಲಿ: ಪೆಟ್ಲಂಡೆಯಿಂದ ಕಾರ್ಬೈಡ್ ಗನ್ನಿನವರೆಗೆ

ಭಾರತದಲ್ಲಿ ಆಲೂಗೆಡ್ಡೆ ಫಿರಂಗಿಯ ಹವ್ಯಾಸ ಬೆಳೆದಿಲ್ಲ; ಅದರ ಹಿಂದಿನ ತತ್ತ್ವ ಮಾತ್ರ ಮಕ್ಕಳಿಗೆ ಹೊಸತಲ್ಲ. ಮಲೆನಾಡಿನ ಪೆಟ್ಲಂಡೆ ಗಾಳಿಯೊತ್ತಡದ ಬಗೆಯ ಶುದ್ಧ ಮಾದರಿ. ಸಪೂರ ಬಿದಿರಿನ ಅಂಡೆಯ ಎರಡೂ ತುದಿಗೆ ಕಾಡಿನ ಸಣ್ಣ ಹಸಿ ಕಾಯಿಗಳನ್ನು ತುರುಕಿ, ಹಿಂದಿನದನ್ನು ಕೋಲಿನಿಂದ ದೂಡಿದರೆ ನಡುವಿನ ಗಾಳಿ ಒತ್ತಿಕೊಂಡು ಮುಂದಿನ ಕಾಯಿ ಸದ್ದಿನೊಡನೆ ಹಾರುತ್ತದೆ. ಛತ್ತೀಸಗಢದ ಜಗದಲ್‌ಪುರದಲ್ಲಿ ಗೋಂಚಾ ರಥೋತ್ಸವದ ವೇಳೆ ತುಪ್ಕಿ ಎಂಬ ಇಂಥದ್ದೇ ಬಿದಿರಿನ ಸಾಧನದಿಂದ ಕಾಯಿ ಹಾರಿಸುವುದು ಹಬ್ಬದ ಅಂಗ. ಯೂರೋಪಿನ ಮಕ್ಕಳು ಹಕ್ಕಿಯ ಗರಿಯ ಕಾಂಡದಲ್ಲಿ ಆಲೂಗೆಡ್ಡೆಯ ಚೂರನ್ನಿಟ್ಟು ಹೀಗೆಯೇ ಆಡುತ್ತಿದ್ದರು.

ದಹನ ಬಗೆಗೆ ನಮ್ಮಲ್ಲಿ ಹತ್ತಿರವಾದದ್ದು ಕಾರ್ಬೈಡ್ ಗನ್. ಹೊಲಕ್ಕೆ ನುಗ್ಗುವ ಮಂಗ, ಹಕ್ಕಿಗಳನ್ನು ಬೆದರಿಸಲು ರೈತರು ಪಿವಿಸಿ ಪೈಪಿನಿಂದ ಮಾಡಿಕೊಳ್ಳುವ ಇದರಲ್ಲಿ ಕ್ಯಾಲ್ಸಿಯಂ ಕಾರ್ಬೈಡಿಗೆ ನೀರು ತಾಗಿ ಅಸಿಟಿಲೀನ್ ಅನಿಲ ಹುಟ್ಟುತ್ತದೆ; ಲೈಟರಿನ ಕಿಡಿಗೆ ಅದು ಸಿಡಿಯುತ್ತದೆ. ಗುಂಡು ಇರುವುದಿಲ್ಲ, ಆದರೂ ಇದು ಆಲೂಗೆಡ್ಡೆ ಫಿರಂಗಿಗಿಂತ ಅಪಾಯಕರ. ಪ್ರೊಪೇನಿಗಿಂತ ಅಸಿಟಿಲೀನ್ ಬಹಳ ವಿಶಾಲವಾದ ಮಿಶ್ರಣದ ಮಿತಿಯಲ್ಲಿ ಹೊತ್ತಿಕೊಳ್ಳುತ್ತದೆ, ಬಹಳ ಬೇಗ ಉರಿಯುತ್ತದೆ. ಜೊತೆಗೆ ಉಳಿಯುವ ಸುಣ್ಣದ ರಾಡಿ ಕಣ್ಣಿಗೆ ಬಿದ್ದರೆ ಕ್ಷಾರದಿಂದ ಕರಿಗುಡ್ಡೆಯ ಪಾರದರ್ಶಕ ಪೊರೆ ಸುಡುತ್ತದೆ. ಹೊತ್ತಿಕೊಳ್ಳದಿದ್ದಾಗ ಮಕ್ಕಳು ನಳಿಗೆಯೊಳಗೆ ಇಣುಕಿ ನೋಡುತ್ತಾರೆ. ಹೆಚ್ಚಿನ ಗಾಯಗಳು ಆಗುವುದು ಆ ಗಳಿಗೆಯಲ್ಲಿ. 2025ರ ದೀಪಾವಳಿಯಲ್ಲಿ ಇದು ಅಗ್ಗದ ಪಟಾಕಿಯಂತೆ ಬೀದಿಗಳಲ್ಲಿ ಮಾರಾಟವಾಗಿ, ಭೋಪಾಲ್ ಮೊದಲಾದ ಮಧ್ಯಪ್ರದೇಶದ ಊರುಗಳಲ್ಲಿ ನೂರಕ್ಕೂ ಹೆಚ್ಚು ಮಂದಿ ಕಣ್ಣಿನ ಗಾಯಗಳೊಂದಿಗೆ ಆಸ್ಪತ್ರೆ ಸೇರಿದರು. ಅವರಲ್ಲಿ ಬಹುಪಾಲು ಮಕ್ಕಳು. ಕೆಲವರ ದೃಷ್ಟಿ ಹೋಯಿತು. ಅದರ ಬೆನ್ನಿಗೆ ಅಲ್ಲಿ ನಿಷೇಧ ಬಂತು.

ಪ್ರಯೋಗಾಲಯದಲ್ಲಿ

ಆಲೂಗೆಡ್ಡೆ ಫಿರಂಗಿ ಭೌತಶಾಸ್ತ್ರದ ಶೈಕ್ಷಣಿಕ ಪತ್ರಿಕೆಗಳಲ್ಲಿ ಗೌರವದ ಸ್ಥಾನ ಪಡೆದಿದೆ. ಅಮೆರಿಕದ ನೌಕಾ ಅಕಾಡೆಮಿಯ ಕಾರ್ಲ್ ಮುಂಗನ್ 2009ರಲ್ಲಿ ಗಾಳಿಯೊತ್ತಡದ ಆಲೂಗೆಡ್ಡೆ ಫಿರಂಗಿಯ ಒಳಚಲನೆಯನ್ನು ಉಷ್ಣಗತಿಶಾಸ್ತ್ರದ ಸಮೀಕರಣಗಳಿಂದ ವಿವರಿಸಿದರು. ನಿರ್ವಾತ ಫಿರಂಗಿಯ ವಿಶ್ಲೇಷಣೆ 2004ರಲ್ಲಿ ಪ್ರಕಟವಾಯಿತು. 2.7 ಗ್ರಾಂ ತೂಕದ ಪಿಂಗ್‌ಪಾಂಗ್ ಚೆಂಡಿನ ಮೇಲೆ ವಾತಾವರಣ ಹೇರುವ ಬಲ ಸುಮಾರು 127 ನ್ಯೂಟನ್. ಹೊರಡುವಾಗಿನ ವೇಗೋತ್ಕರ್ಷ ಗುರುತ್ವದ ನಾಲ್ಕು ಸಾವಿರ ಪಟ್ಟಿಗೂ ಹೆಚ್ಚು. ಆದರೂ ಚೆಂಡಿನ ವೇಗ ಎಲ್ಲೆಯಿಲ್ಲದೆ ಏರುವುದಿಲ್ಲ, ಏಕೆಂದರೆ ಹಿಂದಿನಿಂದ ತಳ್ಳುವ ಗಾಳಿಯೂ ತನ್ನ ತೂಕವನ್ನು ಹೊತ್ತು ಓಡಬೇಕು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ತಂಡವೊಂದು 2013ರಲ್ಲಿ ನಿರ್ವಾತದ ನಳಿಗೆಗೆ ಒತ್ತಡದ ಕೋಣೆಯನ್ನೂ, ನಡು ಸಪೂರಾಗಿ ಮತ್ತೆ ಅಗಲವಾಗುವ ಮೂತಿಯನ್ನೂ ಸೇರಿಸಿ ಚೆಂಡನ್ನು ಶಬ್ದದ ವೇಗ ಮೀರಿಸಿತು.

ಉದ್ಯಮದಲ್ಲಿ ಇದೇ ತತ್ತ್ವದ ಗನ್ನುಗಳು ಗಂಭೀರ ಕೆಲಸ ಮಾಡುತ್ತಿವೆ. 1940ರ ದಶಕದಿಂದ ಅಮೆರಿಕದಲ್ಲಿ ಸತ್ತ ಕೋಳಿಗಳನ್ನು ಗಾಳಿ ಗನ್ನಿನಿಂದ ವಿಮಾನದ ಗಾಜಿಗೆ ಹೊಡೆದು ಪರೀಕ್ಷಿಸುತ್ತ ಬಂದಿದ್ದಾರೆ, ದೊಡ್ಡ ಪ್ರಯಾಣಿಕ ವಿಮಾನದ ಮುಂಗಾಜು 4 ಪೌಂಡು (1.8 ಕಿ.ಗ್ರಾಂ) ತೂಕದ ಹಕ್ಕಿಯ ಹೊಡೆತವನ್ನು ತಾಳಬೇಕೆಂಬುದು ನಿಯಮ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲೂ (ಎನ್‌ಎಎಲ್) ಇಂಥ ಗಾಳಿ ಗನ್ನಿನ ಪರೀಕ್ಷಾ ವ್ಯವಸ್ಥೆ ಇದೆ. 2003ರ ಫೆಬ್ರವರಿ 1ರಂದು ಕಲ್ಪನಾ ಚಾವ್ಲಾ ಸೇರಿ ಏಳು ಮಂದಿಯನ್ನು ಬಲಿ ತೆಗೆದುಕೊಂಡ ಕೊಲಂಬಿಯಾ ಗಗನನೌಕೆಯ ದುರಂತದ ತನಿಖೆಯಲ್ಲಿ ನಿರ್ಣಾಯಕ ಸಾಕ್ಷ್ಯ ಸಿಕ್ಕಿದ್ದೂ ಅನಿಲದೊತ್ತಡದ ಗನ್ನಿನಿಂದ. ಆ ವರ್ಷದ ಜುಲೈ 7ರಂದು ಟೆಕ್ಸಾಸಿನ ಸ್ಯಾನ್ ಆಂಟೋನಿಯೊದ ಸೌತ್‌ವೆಸ್ಟ್ ರಿಸರ್ಚ್ ಇನ್‌ಸ್ಟಿಟ್ಯೂಟಿನಲ್ಲಿ ಸುಮಾರು 760 ಗ್ರಾಂ ತೂಕದ ಫೋಮ್ ತುಂಡನ್ನು ಸೆಕೆಂಡಿಗೆ ಸುಮಾರು 237 ಮೀಟರ್ ವೇಗದಲ್ಲಿ ರೆಕ್ಕೆಯ ಮುಂಚೂಣಿ ಫಲಕಕ್ಕೆ ಹಾರಿಸಿದಾಗ ಸುಮಾರು 40 ಸೆಂ.ಮೀ. ಅಗಲದ ತೂತು ಬಿತ್ತು. ಅಷ್ಟು ಮೆತ್ತನೆಯ ವಸ್ತು ರೆಕ್ಕೆಯನ್ನು ಒಡೆಯಲಾರದು ಎಂಬ ವಾದ ಅಲ್ಲಿಗೆ ಕೊನೆಗೊಂಡಿತು.

ಕಾನೂನು

ಮೋಜಿಗಾಗಿ ಆಲೂಗೆಡ್ಡೆ ಹಾರಿಸುವ ಸಾಧನವನ್ನು ಅಮೆರಿಕದ ಕೇಂದ್ರ ಕಾನೂನು ಸಾಮಾನ್ಯವಾಗಿ ಬಂದೂಕೆಂದು ಪರಿಗಣಿಸುವುದಿಲ್ಲ. ಆಯುಧವಾಗಿ ಬಳಸಿದರೆ ಅಥವಾ ಮಾರ್ಪಡಿಸಿದರೆ ಮಾತು ಬೇರೆ. ರಾಜ್ಯಗಳ ನಿಯಮಗಳಲ್ಲಿ ವ್ಯತ್ಯಾಸವಿದೆ. ಜರ್ಮನಿಯಲ್ಲಿ ದಹನ ಬಗೆ ಆಯುಧ ಕಾನೂನಿನ ವ್ಯಾಪ್ತಿಗೆ ಬರುತ್ತದೆ.

ಭಾರತದ ಆಯುಧ ಕಾಯಿದೆ (1959) ಬಂದೂಕಿಗೆ ಕೊಡುವ ವ್ಯಾಖ್ಯೆ ವಿಶಾಲವಾದದ್ದು: ಸ್ಫೋಟಕದಿಂದಾಗಲಿ ಇತರ ಯಾವುದೇ ಬಗೆಯ ಶಕ್ತಿಯಿಂದಾಗಲಿ ಯಾವುದೇ ಬಗೆಯ ಗುಂಡನ್ನು ಹಾರಿಸಲು ರೂಪಿಸಿದ ಆಯುಧಗಳು ಅದರೊಳಗೆ ಬರುತ್ತವೆ. ಬಂದೂಕು ತಯಾರಿಸಲು ಪರವಾನಗಿ ಬೇಕು. 2016ರ ಆಯುಧ ನಿಯಮಗಳು ಗಾಳಿ ಬಂದೂಕಿಗೆ ಕೊಡುವ ವಿನಾಯಿತಿ 20 ಜೌಲ್ ಶಕ್ತಿಗೂ 0.177 ಅಂಗುಲದ ನಳಿಗೆಗೂ ಸೀಮಿತ. ಮೇಲೆ ಲೆಕ್ಕ ಹಾಕಿದ ಸಾಧಾರಣ ಆಲೂಗೆಡ್ಡೆ ಫಿರಂಗಿಯ ಶಕ್ತಿ ಅದರ ಹನ್ನೆರಡು ಪಟ್ಟು. ಕಾರ್ಬೈಡಿನ ಸಂಗ್ರಹ, ಸಾಗಣೆಗಳಿಗೆ 1987ರ ಕ್ಯಾಲ್ಸಿಯಂ ಕಾರ್ಬೈಡ್ ನಿಯಮಗಳು ಪ್ರತ್ಯೇಕವಾಗಿ ಅನ್ವಯಿಸುತ್ತವೆ. ಆದ್ದರಿಂದ ಈ ವಿಷಯವನ್ನು ತರಗತಿಯಲ್ಲಿ ತೋರಿಸಬಯಸುವ ಶಿಕ್ಷಕರಿಗೆ ಇಂಧನವೂ ಬೇಡದ, ಅಧಿಕ ಒತ್ತಡವೂ ಬೇಡದ ಪೆಟ್ಲಂಡೆಯೇ ಹೆಚ್ಚು ಹೊಂದುವ ಸಾಧನ. ಅನಿಲವನ್ನು ಒತ್ತಿದಾಗ ಒತ್ತಡ ಏರುವುದು, ಸಂದಿಯಿಲ್ಲದ ಬಿಗಿತದ ಮಹತ್ವ, ಉದ್ದಕ್ಕೂ ವೇಗಕ್ಕೂ ಇರುವ ಸಂಬಂಧ, ಮೂರನ್ನೂ ಅದರಲ್ಲಿ ತೋರಿಸಬಹುದು.